ಹೊಸ ದೋಣಿಗೆ ಯಾವ ಕಂಪನಿಯ ಎಂಜಿನ್?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನೂ ನನ್ನ ತಮ್ಮನೂ ಸೇರಿ 22 ಅಡಿ ಉದ್ದದ ಫೈಬರ್ ಮೀನುಗಾರಿಕೆ ದೋಣಿಯೊಂದನ್ನು ಕಟ್ಟಿಸುತ್ತಿದ್ದೇವೆ. ಮೂರು ಜನ, ಬಲೆ, ಮಂಜುಗಡ್ಡೆ, ಹಿಡಿದ ಮೀನು ಇಷ್ಟೂ ಭಾರ ಹೊತ್ತು ಅದು ಸಮುದ್ರದಲ್ಲಿ ಓಡಾಡಬೇಕು. ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ ಔಟ್‌ಬೋರ್ಡ್ ಎಂಜಿನ್ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಮಹಾ ಬಿಟ್ಟು ಬೇರೆಯದನ್ನು ನೋಡಲೇಬೇಡಿ ಎಂದು ಒಬ್ಬರು, ಸುಜುಕಿ ಕಡಿಮೆ ಇಂಧನ ಕುಡಿಯುತ್ತದೆ ಎಂದು ಇನ್ನೊಬ್ಬರು. ದೋಣಿ ಕಟ್ಟುವವರು ಮರ್ಕ್ಯುರಿ ಎಂಜಿನ್ನನ್ನು ದೋಣಿಯ ಜೊತೆಗೇ ರಿಯಾಯಿತಿಯಲ್ಲಿ ಕೊಡುವುದಾಗಿ ಹೇಳಿದ್ದಾರೆ. 40 ಎಚ್‌ಪಿ (ಅಶ್ವಶಕ್ತಿ) ಸಾಕೇ, 60 ಬೇಕೇ ಎಂಬುದೂ ಇನ್ನೂ ತೀರ್ಮಾನವಾಗಿಲ್ಲ. ಯಾವ ಕಂಪನಿಯದನ್ನು ಕೊಳ್ಳಬೇಕು?

ಉತ್ತರ: ಕಂಪನಿಯ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನೀವು ಕೊನೆಗೆ ಕೇಳಿರುವ ಎಚ್‌ಪಿಯ ವಿಷಯದಿಂದಲೇ ಪ್ರಾರಂಭಿಸೋಣ. ಎಂಜಿನ್ನಿನ ಶಕ್ತಿ, ಶಾಫ್ಟಿನ (ಎಂಜಿನ್ನಿನಿಂದ ಪ್ರೊಪೆಲ್ಲರಿನತ್ತ ಇಳಿಯುವ ದಂಡದ) ಉದ್ದ ಮತ್ತು ಗೇರ್ ಅನುಪಾತ (ಪ್ರೊಪೆಲ್ಲರ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ) ಈ ಮೂರನ್ನು ನಿರ್ಧರಿಸುವುದು ನಿಮ್ಮ ದೋಣಿಯೇ ಹೊರತು ಎಂಜಿನ್ ತಯಾರಿಸುವ ಕಂಪನಿಯಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಜಗತ್ತಿನ ಅತ್ಯುತ್ತಮ ಎಂಜಿನ್ ಕೂಡ ಕೆಟ್ಟ ಎಂಜಿನ್ನಿನಂತೆಯೇ ವರ್ತಿಸುತ್ತದೆ.

ನಿಮ್ಮ ದೋಣಿಯ ಖಾಲಿ ತೂಕವನ್ನು ಕಟ್ಟುವವರಿಂದ ಕೇಳಿ ತಿಳಿದುಕೊಳ್ಳಿ. ಅದು 700 ಕೆ.ಜಿ. ಎಂದಿಟ್ಟುಕೊಂಡರೆ ಮೂವರು, ಬಲೆ, ಇಂಧನ, ಮಂಜುಗಡ್ಡೆ, ಮೀನು ಮತ್ತು ಎಂಜಿನ್ ಎಲ್ಲವೂ ಸೇರಿ 1,500 ಕೆ.ಜಿ. ಆಗುವುದು ಕಷ್ಟವೇನಲ್ಲ. ದೋಣಿಯು ನೀರನ್ನು ಸೀಳಿಕೊಂಡು ಹೋಗುವ ಬದಲು ನೀರಿನ ಮೇಲಕ್ಕೆದ್ದು ಜಾರುತ್ತಾ ಓಡಬೇಕಾದರೆ ಪ್ರತಿ ಎಚ್‌ಪಿಗೆ ಸುಮಾರು 25 ಕೆ.ಜಿ.ಗಿಂತ ಹೆಚ್ಚಿನ ಭಾರ ಬೀಳಬಾರದು ಎಂಬುದು ಒರಟು ಲೆಕ್ಕವಾದರೂ ನಂಬಬಹುದಾದ ಲೆಕ್ಕ. 60 ಎಚ್‌ಪಿಗೆ ಇದು ಸರಿಹೊಂದುತ್ತದೆ. 40 ಎಚ್‌ಪಿಯಲ್ಲಾದರೆ ಹೋಗುವಾಗ ಖಾಲಿ ದೋಣಿ ಚೆನ್ನಾಗಿಯೇ ಓಡಿ, ಮೀನು ತುಂಬಿಕೊಂಡು ಬರುವಾಗ ಮೂತಿ ಮೇಲೆತ್ತಿ, ಹಿಂಬದಿಯನ್ನು ನೀರಿನಲ್ಲಿ ಎಳೆಯುತ್ತಾ, ಥ್ರಾಟಲ್ ಪೂರ್ತಿ ತಿರುವಿದರೂ ಮೇಲೇಳದೆ ಇಂಧನವನ್ನು ಸುಡುತ್ತದೆ. ಹಾಗೆ ದಿನವೂ ಪೂರ್ಣ ಥ್ರಾಟಲ್‌ನಲ್ಲಿ ದುಡಿಯುವ ಚಿಕ್ಕ ಎಂಜಿನ್ನಿಗಿಂತ ಅರ್ಧದಿಂದ ಮುಕ್ಕಾಲು ಥ್ರಾಟಲ್‌ನಲ್ಲಿ ಆರಾಮವಾಗಿ ಓಡುವ ದೊಡ್ಡ ಎಂಜಿನ್ನೇ ಕಡಿಮೆ ಇಂಧನದಲ್ಲಿ ಮನೆ ಸೇರಿಸುವುದುಂಟು. 60 ಎಚ್‌ಪಿಯ ಫೋರ್ ಸ್ಟ್ರೋಕ್ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ 20 ಲೀಟರಿಗೂ ಮೇಲೆ ಕುಡಿಯುತ್ತದೆ. 4,000 ಆರ್‌ಪಿಎಮ್ (ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿಗೆ ಇಳಿಸಿದರೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಇಷ್ಟಾಗಿಯೂ ಒಂದು ಷರತ್ತಿದೆ. ದೋಣಿಯ ಹಿಂಬದಿಯಲ್ಲಿ ಎಂಜಿನ್ ಕೂರುವ ಹಲಗೆ, ಅಂದರೆ ಟ್ರಾನ್ಸಮ್, ಎಷ್ಟು ಎಚ್‌ಪಿಯನ್ನು, ಎಷ್ಟು ತೂಕವನ್ನು ತಾಳುತ್ತದೆ ಎಂಬುದನ್ನು ಕಟ್ಟುವವರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ. ದೋಣಿ ಇನ್ನೂ ಕಟ್ಟುವ ಹಂತದಲ್ಲಿರುವುದು ನಿಮ್ಮ ಅದೃಷ್ಟ, ಏಕೆಂದರೆ ಈಗ ಬೇಕಾದಂತೆ ಬಲಪಡಿಸಬಹುದು. ಅದೇ ಹೊತ್ತಿಗೆ ಟ್ರಾನ್ಸಮಿನ ಎತ್ತರವನ್ನೂ ಅಳೆಯಿರಿ. ಎಂಜಿನ್‌ಗಳು ಸಾಮಾನ್ಯವಾಗಿ 15, 20 ಮತ್ತು 25 ಅಂಗುಲದ ಟ್ರಾನ್ಸಮಿಗೆ ತಕ್ಕ ಶಾಫ್ಟಿನೊಂದಿಗೆ ಬರುತ್ತವೆ. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆಯಂಥ ಭಾಗವು ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಕ್ಕೆ ಬಂದರೆ ಸರಿಯಾಗಿ ಕೂತಿದೆ ಎಂದರ್ಥ. ಶಾಫ್ಟ್ ಗಿಡ್ಡವಾದರೆ ಅಲೆ ಎದ್ದಾಗಲೆಲ್ಲ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಬೊಬ್ಬಿರಿಯುತ್ತದೆ. ಉದ್ದವಾದರೆ ಕೆಳಭಾಗವೆಲ್ಲ ಅನಗತ್ಯವಾಗಿ ನೀರನ್ನು ಎಳೆಯುತ್ತಾ ವೇಗವನ್ನು ತಿನ್ನುತ್ತದೆ.

ಗೇರ್ ಅನುಪಾತದ ಬಗ್ಗೆ ಮಾರುವವರು ತಾವಾಗಿ ಹೇಳುವುದು ಕಡಿಮೆ, ಆದ್ದರಿಂದ ನೀವೇ ಕೇಳಬೇಕು. 60 ಎಚ್‌ಪಿಯ ಸಾಮಾನ್ಯ ಮಾದರಿಯಲ್ಲಿ ಈ ಅನುಪಾತ ಸುಮಾರು 1.8ಕ್ಕೆ 1 ಇರುತ್ತದೆ. ಯಮಹಾದವರು ಹೈ ಥ್ರಸ್ಟ್ ಎಂದೂ ಮರ್ಕ್ಯುರಿಯವರು ಕಮಾಂಡ್ ಥ್ರಸ್ಟ್ ಎಂದೂ ಕರೆಯುವ ಮಾದರಿಗಳಲ್ಲಿ ಅದು ಸುಮಾರು 2.3ಕ್ಕೆ 1. ಎಂಜಿನ್ ನಿಮಿಷಕ್ಕೆ 5,500 ಸುತ್ತು ತಿರುಗುವಾಗ ಮೊದಲನೆಯದರ ಪ್ರೊಪೆಲ್ಲರ್ 3,000ಕ್ಕೂ ಹೆಚ್ಚು ಸುತ್ತು ತಿರುಗಿದರೆ, ಎರಡನೆಯದರದ್ದು 2,400ರ ಹತ್ತಿರ ತಿರುಗುತ್ತದೆ. ಆದರೆ ಆ ಪ್ರೊಪೆಲ್ಲರ್ ಅಗಲವಾದದ್ದು, ಒಂದು ಸುತ್ತಿಗೆ ಹೆಚ್ಚು ನೀರನ್ನು ಹಿಂದಕ್ಕೆ ತಳ್ಳುವಂಥದ್ದು. ಹಗುರವಾದ ವೇಗದ ದೋಣಿಗೆ ಮೊದಲನೆಯದು, ಭಾರ ಹೊರುವ ಮೀನುಗಾರಿಕೆ ದೋಣಿಗೆ ಎರಡನೆಯದು. ಯಮಹಾ ಕೊಳ್ಳಬೇಕೇ ಮರ್ಕ್ಯುರಿ ಕೊಳ್ಳಬೇಕೇ ಎಂಬ ಚರ್ಚೆಗಿಂತ ಈ ಎರಡರ ನಡುವಿನ ಆಯ್ಕೆ ನಿಮ್ಮ ದೋಣಿಯ ಓಟದಲ್ಲಿ ಎದ್ದು ಕಾಣುತ್ತದೆ.

ಈಗ ಕಂಪನಿಗಳ ವಿಷಯಕ್ಕೆ ಬರೋಣ. ಯಮಹಾ, ಸುಜುಕಿ, ಹೋಂಡಾ, ಮರ್ಕ್ಯುರಿ, ತೊಹಾತ್ಸು ಈ ಐದೂ ಹಳೆಯ ಕಂಪನಿಗಳು. ಮರ್ಕ್ಯುರಿ 1939ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು, ಯಮಹಾದ ಮೊದಲ ಔಟ್‌ಬೋರ್ಡ್ 1960ರಲ್ಲಿ, ಸುಜುಕಿಯದು 1965ರಲ್ಲಿ ಬಂದವು. ಹೋಂಡಾ 1964ರಿಂದಲೂ ಫೋರ್ ಸ್ಟ್ರೋಕ್ ಎಂಜಿನ್‌ಗಳನ್ನೇ ಮಾಡಿಕೊಂಡು ಬಂದಿದೆ. ಅವುಗಳ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ. ಸುಜುಕಿಯ ಫೋರ್ ಸ್ಟ್ರೋಕ್‌ಗಳಲ್ಲಿ ಟೈಮಿಂಗ್‌ಗೆ, ಅಂದರೆ ಕವಾಟಗಳು ಸರಿಯಾದ ಕ್ಷಣಕ್ಕೆ ತೆರೆದು ಮುಚ್ಚುವಂತೆ ಮಾಡಲು, ಬೆಲ್ಟಿನ ಬದಲು ಎಣ್ಣೆಯಲ್ಲಿ ಓಡುವ ಚೈನ್ ಇರುತ್ತದೆ, ಹಾಗಾಗಿ ನಿಗದಿತ ಗಂಟೆಗಳಿಗೊಮ್ಮೆ ಬೆಲ್ಟ್ ಬದಲಿಸುವ ಖರ್ಚಿಲ್ಲ. ಹದವಾದ ವೇಗದಲ್ಲಿ ಇಂಧನದ ಪಾಲನ್ನು ಕಡಿಮೆ ಮಾಡುವ ವ್ಯವಸ್ಥೆಯೂ ಅದರಲ್ಲಿದೆ, ಆದ್ದರಿಂದ ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ದೋಣಿಗೆ ಹೊಂದದ ಪ್ರೊಪೆಲ್ಲರ್ ಹಾಕಿದರೆ ಆ ಉಳಿತಾಯವೆಲ್ಲ ಒಂದೇ ದಿನದಲ್ಲಿ ಕೈಬಿಟ್ಟು ಹೋಗುತ್ತದೆ. ಯಮಹಾಕ್ಕೆ ದುಡಿಮೆಯ ದೋಣಿಗಳಲ್ಲಿ ದೀರ್ಘಕಾಲದಿಂದ ಹೆಸರಿದೆ, ಅದರ ಬಿಡಿಭಾಗಗಳು ಸಣ್ಣ ಬಂದರುಗಳಲ್ಲಿಯೂ ಸಿಗುವುದು ಹೆಚ್ಚು.

ಹೆಸರಿನ ಮೇಲಿನ ಮೋಹವನ್ನು ಸ್ವಲ್ಪ ಇಳಿಸುವ ಸಂಗತಿಯೊಂದನ್ನೂ ಹೇಳಬೇಕು. ಮರ್ಕ್ಯುರಿಯ ಚಿಕ್ಕ ಎಂಜಿನ್‌ಗಳನ್ನು ಬಹಳ ವರ್ಷಗಳಿಂದ ಜಪಾನಿನಲ್ಲಿ ತೊಹಾತ್ಸು ಜೊತೆಗಿನ ಜಂಟಿ ಕಂಪನಿ ತಯಾರಿಸುತ್ತಿದೆ. ತೊಹಾತ್ಸು ಹೆಸರಿನಲ್ಲಿ ಬಂದ ದೊಡ್ಡ ಮಾದರಿಗಳಲ್ಲಿ ಹಲವನ್ನು ಹೋಂಡಾ ಮಾಡಿಕೊಟ್ಟಿದೆ. ಅಂದರೆ ಅಂಗಡಿಯಲ್ಲಿ ಅಕ್ಕಪಕ್ಕ ನಿಂತು, ಜನ ಅವುಗಳ ಮೇಲೆ ವಾದ ಮಾಡುವ ಎರಡು ಎಂಜಿನ್‌ಗಳು ಮುಚ್ಚಳದ ಬಣ್ಣವೊಂದನ್ನು ಬಿಟ್ಟರೆ ಒಂದೇ ಆಗಿರಲೂಬಹುದು.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಉತ್ತರ ನೇರವಾಗಿದೆ. ನೀವು ದೋಣಿ ನಿಲ್ಲಿಸುವ ದಡದಿಂದ ಒಂದು ದಿನದೊಳಗೆ ಹೋಗಿ ಬರಬಹುದಾದ ದೂರದಲ್ಲಿ ಯಾವ ಕಂಪನಿಗೆ ಒಳ್ಳೆಯ ಮೆಕ್ಯಾನಿಕ್ ಮತ್ತು ಬಿಡಿಭಾಗಗಳ ದಾಸ್ತಾನು ಇದೆಯೋ ಆ ಕಂಪನಿಯ ಎಂಜಿನ್ ಕೊಳ್ಳಿ. ಮೀನಿನ ಹಂಗಾಮಿನಲ್ಲಿ ಬಿಡಿಭಾಗಕ್ಕಾಗಿ ಎರಡು ವಾರ ದಡದಲ್ಲಿ ಕೂತ ದೋಣಿಗೆ ಕಂಪನಿಯ ಕೀರ್ತಿಯಿಂದ ಏನೂ ಪ್ರಯೋಜನವಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಮಾರಾಟಗಾರರ ಬಳಿಗೆ ಹೋಗಿ ನೀವು ಕೊಳ್ಳಬೇಕೆಂದಿರುವ ಮಾದರಿಯ ವಾಟರ್ ಪಂಪ್ ಇಂಪೆಲ್ಲರ್, ಥರ್ಮೋಸ್ಟಾಟ್, ಇಂಧನ ಫಿಲ್ಟರ್, ಗೇರ್ ಬಾಕ್ಸಿನ ಸೀಲುಗಳು ಮತ್ತು ಒಂದು ಪ್ರೊಪೆಲ್ಲರನ್ನು ತೋರಿಸಿ ಎಂದು ಕೇಳಿ. ‘ತರಿಸಿಕೊಡುತ್ತೇವೆ’ ಎಂಬ ಮಾತು ಬಂದರೆ ಅದನ್ನು ‘ಇಲ್ಲ’ ಎಂದೇ ತಿಳಿಯಿರಿ. ಅದೇ ಮಾದರಿಯ ಎಷ್ಟು ಎಂಜಿನ್‌ಗಳು ಈಗ ದುಡಿಮೆಯ ದೋಣಿಗಳಲ್ಲಿ ಓಡುತ್ತಿವೆ ಎಂದು ವಿಚಾರಿಸಿ, ನಾಲ್ಕೈದು ವರ್ಷ ಉಪ್ಪುನೀರು ಕಂಡಿರುವ ಒಂದೆರಡನ್ನು ಹೋಗಿ ನೋಡಿ. ಮುಚ್ಚಳ ತೆಗೆಸಿ ಒಳಗಿನ ಬೋಲ್ಟುಗಳ ತಲೆ, ತಂತಿಗಳ ಜೋಡಣೆಯ ತುದಿಗಳು, ಎಂಜಿನ್ ಎತ್ತಿ ಇಳಿಸುವ ಕೀಲಿನ ಸುತ್ತ ಬಣ್ಣ ಉಬ್ಬಿದೆಯೇ, ಬಿಳಿ ಹುಡಿ ಕಟ್ಟಿದೆಯೇ ಎಂದು ಗಮನಿಸಿ. ಇಂಥ ಹತ್ತು ನಿಮಿಷದ ನೋಟವು ಯಾವ ಜಾಹೀರಾತಿಗಿಂತಲೂ ಹೆಚ್ಚು ಹೇಳುತ್ತದೆ.

ದೋಣಿ ಕಟ್ಟುವವರ ರಿಯಾಯಿತಿಯನ್ನು ಅನುಮಾನದಿಂದ ನೋಡಬೇಕಾಗಿಲ್ಲ. ಎಂಜಿನ್ ಕೂರಿಸುವ ಹೊಣೆ ಅವರದ್ದೇ ಆಗುವುದು ಒಂದು ಅನುಕೂಲ. ಆದರೆ ಅವರು ಕೊಡುವುದು ಯಾವ ಗೇರ್ ಅನುಪಾತದ, ಯಾವ ಶಾಫ್ಟಿನ ಎಂಜಿನ್, ಅದರ ವಾರಂಟಿ ದುಡಿಮೆಯ ಬಳಕೆಗೆ ಎಷ್ಟು ಕಾಲ ಅನ್ವಯಿಸುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಓದಿ. ಮೋಜಿನ ದೋಣಿಗೆ ವರ್ಷಗಟ್ಟಲೆ ಇರುವ ವಾರಂಟಿಯು ಮೀನುಗಾರಿಕೆಗೆ ಬಳಸಿದರೆ ಬಹಳ ಮೊಟಕಾಗುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಮರ್ಕ್ಯುರಿಗೆ ನಿಮ್ಮ ಹತ್ತಿರ ಮೆಕ್ಯಾನಿಕ್ ಇದ್ದು, ಸಿಗುವುದು ಕಮಾಂಡ್ ಥ್ರಸ್ಟ್ ಮಾದರಿಯೇ ಆಗಿದ್ದರೆ ಧಾರಾಳವಾಗಿ ಒಪ್ಪಿಕೊಳ್ಳಿ.

ಪ್ರಶ್ನೆ: ಟೂ ಸ್ಟ್ರೋಕ್ ಎಂಜಿನ್‌ಗಳ ಕಾಲ ಮುಗಿಯಿತು ಎನ್ನುತ್ತಾರೆ. ನಮ್ಮ ಕಡೆಯ ಹಿರಿಯರು ಈಗಲೂ ಅದನ್ನೇ ಕೊಳ್ಳು ಎನ್ನುತ್ತಾರೆ. ಹೊಸ ದೋಣಿಗೆ 40 ಎಚ್‌ಪಿಯ ಟೂ ಸ್ಟ್ರೋಕ್ ಹಾಕಿಸುವುದು ಮೂರ್ಖತನವೇ?

ಉತ್ತರ: ಮೂರ್ಖತನವಲ್ಲ, ಆದರೆ ದುಬಾರಿಯಾಗಬಹುದು. ಯಮಹಾದ ಎಂಡ್ಯುರೊದಂಥ ಟೂ ಸ್ಟ್ರೋಕ್‌ಗಳು ದುಡಿಮೆಯ ದೋಣಿಗಳಿಗಾಗಿಯೇ ತಯಾರಾದವು. 40 ಎಚ್‌ಪಿಯಲ್ಲಿ ಫೋರ್ ಸ್ಟ್ರೋಕ್ ಎಂಜಿನ್ 100 ಕೆ.ಜಿ. ಆಸುಪಾಸು ತೂಗಿದರೆ ಟೂ ಸ್ಟ್ರೋಕ್ ಅದಕ್ಕಿಂತ 25ರಿಂದ 30 ಕೆ.ಜಿ. ಹಗುರ. ದಿನವೂ ಎಂಜಿನ್ನನ್ನು ಇಳಿಸಿ ಹೊತ್ತು ಮನೆಗೆ ಒಯ್ಯುವವರಿಗೆ ಇದು ಸಣ್ಣ ಮಾತಲ್ಲ. ಕವಾಟಗಳಿಲ್ಲ, ಕಂಪ್ಯೂಟರ್ ಇಲ್ಲ, ಬ್ಯಾಟರಿ ಸತ್ತರೂ ಹಗ್ಗ ಎಳೆದು ಹೊರಡಬಹುದು, ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಲು ಸ್ಪ್ಯಾನರ್ ಹಿಡಿಯಬಲ್ಲ ಯಾರಾದರೂ ಸಾಕು. ಹಿರಿಯರ ಮಾತಿನ ಹಿಂದಿರುವುದು ಈ ಅನುಭವ.

ತೊಂದರೆ ಇರುವುದು ಇಂಧನದಲ್ಲಿ. ಕಾರ್ಬ್ಯುರೇಟರಿನ ಟೂ ಸ್ಟ್ರೋಕ್‌ನಲ್ಲಿ ಸುಟ್ಟ ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಇಂಧನವೂ ಒಳಗೆ ನುಗ್ಗುತ್ತದೆ. ಅದರಲ್ಲಿ ಒಂದು ಪಾಲು ಸುಡದೆಯೇ ಹೊಗೆಯೊಂದಿಗೆ ಹೊರಬೀಳುತ್ತದೆ. ಕೆಲವು ಸಂದರ್ಭಗಳಲ್ಲಿ ಅದು ಕಾಲುಭಾಗಕ್ಕೂ ಹೆಚ್ಚು. ನೀರಿನ ಮೇಲೆ ಕಾಣುವ ಬಣ್ಣಬಣ್ಣದ ಎಣ್ಣೆಯ ಪದರ ನೀವು ಹಣ ಕೊಟ್ಟು ಕೊಂಡ ಇಂಧನವೇ. ಇದರ ಮೇಲೆ 50ಕ್ಕೆ 1ರ ಪ್ರಮಾಣದಲ್ಲಿ, ಅಂದರೆ ಲೀಟರಿಗೆ 20 ಮಿ.ಲೀ. ಎಣ್ಣೆ ಬೆರೆಸುವ ಖರ್ಚು ಬೇರೆ. ಕೆಲವು ಮಾದರಿಗಳಿಗೆ 100ಕ್ಕೆ 1 ಸಾಕಾಗುತ್ತದೆ. ಕೈಪಿಡಿಯಲ್ಲಿ ಏನಿದೆಯೋ ಅದನ್ನು ಪಾಲಿಸಬೇಕೇ ವಿನಾ ಅಂದಾಜಿನಿಂದ ಕಡಿಮೆ ಮಾಡಬಾರದು. ಗಂಟೆಗಟ್ಟಲೆ ನಿಧಾನವಾಗಿ ಓಡಿಸುತ್ತಾ ಗಾಳ ಎಳೆಯುವವರಿಗೆ ಸ್ಪಾರ್ಕ್ ಪ್ಲಗ್ ಕಪ್ಪುಗಟ್ಟುವ ಕಾಟವೂ ಇದೆ.

ನನ್ನ ಅಭಿಪ್ರಾಯದಲ್ಲಿ ವರ್ಷಕ್ಕೆ ಕೆಲವೇ ಗಂಟೆ ಓಡುವ, ಎತ್ತಿ ಒಯ್ಯಬೇಕಾದ, ಮೆಕ್ಯಾನಿಕ್ ದೂರವಿರುವ ದೋಣಿಗೆ ಟೂ ಸ್ಟ್ರೋಕ್ ಇಂದಿಗೂ ಸರಿ. ಹಂಗಾಮಿಡೀ ದಿನವೂ ಹೊರಡುವ ದೋಣಿಗೆ ಫೋರ್ ಸ್ಟ್ರೋಕ್‌ನ ಹೆಚ್ಚಿನ ಬೆಲೆ ಇಂಧನದ ಉಳಿತಾಯದಲ್ಲಿಯೇ ಹಿಂದಿರುಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಎಷ್ಟೋ ಕಡೆಗಳಲ್ಲಿ ಹೊಗೆಯ ನಿಯಮಗಳ ಕಾರಣ ಹೊಸ ಕಾರ್ಬ್ಯುರೇಟರ್ ಟೂ ಸ್ಟ್ರೋಕ್‌ಗಳ ಮಾರಾಟವೇ ನಿಂತಿದೆ, ಆದ್ದರಿಂದ ಮುಂಗಡ ಕೊಡುವ ಮೊದಲು ನೋಂದಣಿಗೆ ಅಡ್ಡಿಯಿಲ್ಲವೇ ಎಂದು ವಿಚಾರಿಸಿ.

ಪ್ರಶ್ನೆ: ಹೊಸ ದೋಣಿಗೆ ಹೆಸರುವಾಸಿ ಕಂಪನಿಯ 60 ಎಚ್‌ಪಿ ಎಂಜಿನ್ ಹಾಕಿಸಿದ್ದೇನೆ. ಭಾರ ತುಂಬಿ ಥ್ರಾಟಲ್ ಪೂರ್ತಿ ತಿರುವಿದರೂ 4,800 ಆರ್‌ಪಿಎಮ್ ದಾಟುವುದಿಲ್ಲ. ಕೈಪಿಡಿಯಲ್ಲಿ 5,000ದಿಂದ 6,000 ಎಂದಿದೆ. ಬೇರೆ ಕಂಪನಿಯದನ್ನು ಕೊಳ್ಳಬೇಕಿತ್ತೇ? ಇದನ್ನು ಹಿಂದಿರುಗಿಸಬಹುದೇ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ದೋಷ ಎಂಜಿನ್ನಿನದಲ್ಲ, ಪ್ರೊಪೆಲ್ಲರಿನದ್ದು. ಪ್ರೊಪೆಲ್ಲರಿನ ಮೇಲೆ ಎರಡು ಸಂಖ್ಯೆಗಳಿರುತ್ತವೆ; ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಅದು ಲೆಕ್ಕದ ಪ್ರಕಾರ ಎಷ್ಟು ಅಂಗುಲ ಮುಂದೆ ಸಾಗಬೇಕೆಂಬ ಅಳತೆ. ಅಂಗಡಿಯವರು ಸಾಮಾನ್ಯವಾಗಿ ಹಗುರ ದೋಣಿಗೆ ಹೊಂದುವ ಹೆಚ್ಚಿನ ಪಿಚ್‌ನದನ್ನು ಹಾಕಿ ಕಳಿಸುತ್ತಾರೆ. ಮೀನು, ಬಲೆ ತುಂಬಿದ ದೋಣಿಗೆ ಅದು ಟಾಪ್ ಗೇರಿನಲ್ಲಿ ಲಾರಿಯನ್ನು ಘಾಟಿ ಹತ್ತಿಸಿದಂತೆ. ಎಂಜಿನ್ ಏದುಸಿರು ಬಿಡುತ್ತದೆ, ಶಾಖ ಏರುತ್ತದೆ, ಇಂಗಾಲ ಕಟ್ಟುತ್ತದೆ. ಹೀಗೆಯೇ ಓಡಿಸುತ್ತಿದ್ದರೆ ಪಿಸ್ಟನ್ನಿಗೂ ಬೇರಿಂಗುಗಳಿಗೂ ಅಪಾಯ.

ಪಿಚ್ ಒಂದು ಅಂಗುಲ ಕಡಿಮೆಯಾದರೆ ಗರಿಷ್ಠ ವೇಗದಲ್ಲಿ ಸರಿಸುಮಾರು 150ರಿಂದ 200 ಆರ್‌ಪಿಎಮ್ ಏರುತ್ತದೆ. ನಿಮ್ಮದು 14ರ ಪಿಚ್ ಆಗಿದ್ದರೆ 11ರದ್ದನ್ನು ಹಾಕಿದಾಗ 5,300 ಆಸುಪಾಸಿಗೆ ಬರಬೇಕು, ದುಡಿಮೆಯ ದೋಣಿಗೆ ಅದು ಒಳ್ಳೆಯ ಜಾಗ. ಖರ್ಚು ಮಾಡುವ ಮೊದಲು ಮೂರು ಸಂಗತಿ ನೋಡಿಕೊಳ್ಳಿ. ಮುಚ್ಚಳ ತೆಗೆದು, ಹಿಡಿಕೆಯನ್ನು ಪೂರ್ತಿ ತಿರುವಿದಾಗ ಒಳಗಿನ ಥ್ರಾಟಲ್ ನಿಜವಾಗಿಯೂ ಪೂರ್ತಿ ತೆರೆಯುತ್ತದೆಯೇ ನೋಡಿ, ಏಕೆಂದರೆ ಕೇಬಲ್ ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ದೋಣಿಯ ತಳದಲ್ಲಿ ಚಿಪ್ಪು, ಪಾಚಿ ಕಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಂಜಿನ್ ಹೆಚ್ಚು ಆಳಕ್ಕೆ ಕೂತಿದೆಯೇ ಎಂಬುದನ್ನೂ ನೋಡಿ. ಟ್ರಾನ್ಸಮಿನ ಮೇಲಿನ ಬೋಲ್ಟಿನ ಒಂದು ರಂಧ್ರದಷ್ಟು ಮೇಲೆತ್ತಿದರೂ ಫಲ ಸಿಗುವುದುಂಟು. ಪ್ರೊಪೆಲ್ಲರ್ ಆರಿಸುವಾಗ ದೋಣಿ ತುಂಬಿದ ಸ್ಥಿತಿಯಲ್ಲಿಯೇ ಪರೀಕ್ಷಿಸಿ. ಖಾಲಿ ದೋಣಿಯಲ್ಲಿ ಅದೇ ಪ್ರೊಪೆಲ್ಲರಿನಿಂದ 6,000 ದಾಟುವಂತಿದ್ದರೆ ಆ ದಿನ ಥ್ರಾಟಲ್ ಸ್ವಲ್ಪ ತಗ್ಗಿಸಿದರಾಯಿತು. ಹಳೆಯ ಪ್ರೊಪೆಲ್ಲರನ್ನು ಮಾರಬೇಡಿ, ದೋಣಿಯಲ್ಲಿಯೇ ಇಡಿ. ಬಂಡೆಗೆ ಬಡಿದು ಒಂದು ಅಲಗು ಬಾಗಿದ ದಿನ ದಡಕ್ಕೆ ಬರಲು ಬೇಕಾಗುತ್ತದೆ.

ಪ್ರಶ್ನೆ: ಹೊಸ ದೋಣಿಗೆ ಹಣವೆಲ್ಲ ಖರ್ಚಾಗಿದೆ. ಎವಿನ್‌ರೂಡ್ ಕಂಪನಿಯ ಬಳಸಿದ ಇ-ಟೆಕ್ ಎಂಜಿನ್ ಅಗ್ಗದಲ್ಲಿ ಸಿಗುತ್ತಿದೆ. ಇನ್ನೊಬ್ಬರು ಬೇರೆ ದೇಶದಿಂದ ತರಿಸಿದ ಹೊಸ ಎಂಜಿನ್ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಾರೆ. ಎರಡರಲ್ಲಿ ಯಾವುದು ವಾಸಿ?

ಉತ್ತರ: ಎವಿನ್‌ರೂಡ್ ಸಾಮಾನ್ಯ ಹೆಸರಲ್ಲ, 1909ರಲ್ಲಿ ಓಲೆ ಎವಿನ್‌ರೂಡ್ ಮಾರಾಟಕ್ಕೆ ತಂದ ಎಂಜಿನ್ನಿನಿಂದಲೇ ಔಟ್‌ಬೋರ್ಡ್ ವ್ಯಾಪಾರ ಬೇರೂರಿತು. ಇ-ಟೆಕ್ ಕೂಡ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಒಳ್ಳೆಯ ಟೂ ಸ್ಟ್ರೋಕ್. ಆದರೆ ಮಾಲೀಕ ಕಂಪನಿಯಾದ ಬಿಆರ್‌ಪಿ 2020ರಲ್ಲಿ ಇವುಗಳ ಉತ್ಪಾದನೆಯನ್ನೇ ನಿಲ್ಲಿಸಿತು. ಬಿಡಿಭಾಗ ಒದಗಿಸುವುದನ್ನು ಮುಂದುವರಿಸುವುದಾಗಿ ಆಗ ಹೇಳಿತ್ತಾದರೂ, ಉತ್ಪಾದನೆ ನಿಂತ ಎಂಜಿನ್ನಿನ ಬಿಡಿಭಾಗ ವರ್ಷದಿಂದ ವರ್ಷಕ್ಕೆ ವಿರಳವಾಗುವುದು ಸಹಜ. ಅದರ ದೋಷವನ್ನು ಕಂಡುಹಿಡಿಯಲು ಲ್ಯಾಪ್‌ಟಾಪ್ ಜೋಡಿಸಬಲ್ಲ ಮೆಕ್ಯಾನಿಕ್ಕೂ ಬೇಕು. ಅಂಥವರು ನಿಮ್ಮ ಪಕ್ಕದಲ್ಲೇ ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ದುಡಿಮೆಯ ದೋಣಿಗೆ ಅದು ಬೇಡ.

ಹೊರಗಿನಿಂದ ತರಿಸಿದ ಹೊಸ ಎಂಜಿನ್ನಿನ ವಿಷಯದಲ್ಲಿ, ಅದನ್ನು ಟ್ರಾನ್ಸಮಿಗೆ ಬಿಗಿಯುವ ಭಾಗದ ಮೇಲಿರುವ ಮಾದರಿ ಸಂಕೇತ ಮತ್ತು ಸರಣಿ ಸಂಖ್ಯೆಯನ್ನು ಬರೆದುಕೊಂಡು ಅದೇ ಕಂಪನಿಯ ಅಧಿಕೃತ ಮಾರಾಟಗಾರರಿಗೆ ತೋರಿಸಿ. ಒಂದು ಪ್ರದೇಶಕ್ಕಾಗಿ ಮಾಡಿದ ಮಾದರಿಗೆ ಇನ್ನೊಂದು ಪ್ರದೇಶದಲ್ಲಿ ವಾರಂಟಿ ಸಿಗದಿರುವುದೇ ಹೆಚ್ಚು, ಕೆಲವು ಬಿಡಿಭಾಗಗಳ ಸಂಖ್ಯೆಯೂ ಬೇರೆಯಾಗಿರುತ್ತದೆ. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಅಥವಾ ಸಂಖ್ಯೆಯಿರುವ ಫಲಕದ ರಿವೆಟ್ ಬದಲಾದಂತೆ ಕಂಡರೆ ಮಾತು ಮುಂದುವರಿಸಬೇಡಿ. ಈ ಎರಡಕ್ಕಿಂತ, ಹತ್ತಿರದ ಮೆಕ್ಯಾನಿಕ್ ತಾನೇ ನೋಡಿಕೊಂಡು ಬಂದಿರುವ, ಮಾಲೀಕರು ದೊಡ್ಡ ಎಂಜಿನ್ನಿಗಾಗಿ ಬಿಟ್ಟುಕೊಡುತ್ತಿರುವ ಹಳೆಯ ಫೋರ್ ಸ್ಟ್ರೋಕ್ ವಾಸಿ. ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿಸಿ ಎಣ್ಣೆ ನೋಡಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಒಳಹೊಕ್ಕಿದೆ. ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಸಿ. ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಕಾರಣ ತಿಳಿಯದೆ ಹಣ ಕೊಡಬೇಡಿ.

ಪ್ರಶ್ನೆ: ಹೊಸ ಫೋರ್ ಸ್ಟ್ರೋಕ್ ಎಂಜಿನ್ ಮುಂದಿನ ವಾರ ಬರುತ್ತದೆ. ಮೊದಲ ದಿನದಿಂದಲೇ ಬಲೆಗೆ ಹೋಗಬಹುದೇ?

ಉತ್ತರ: ಹೋಗಬಹುದು, ಪೂರ್ಣ ಥ್ರಾಟಲ್ ಹಾಕದೆ. ಮೊದಲ 10 ಗಂಟೆ ವೇಗವನ್ನು ಕೈಪಿಡಿ ಹೇಳಿದಂತೆ ಏರಿಳಿಸುತ್ತಾ ಓಡಿಸಿ, ಒಂದೇ ಆರ್‌ಪಿಎಮ್‌ನಲ್ಲಿ ಗಂಟೆಗಟ್ಟಲೆ ಬಿಡಬೇಡಿ. ಎಂಜಿನ್ ಶುರುವಾದೊಡನೆ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯೇ ಎಂದು ಪ್ರತಿಸಲವೂ ನೋಡಿ. ಚಿಮ್ಮದಿದ್ದರೆ ತಕ್ಷಣ ಆರಿಸಿ, ನೀರಿನ ಪಂಪ್ ಕೆಲಸ ಮಾಡುತ್ತಿಲ್ಲ ಅಥವಾ ದಾರಿ ಕಟ್ಟಿದೆ ಎಂದರ್ಥ. 20 ಗಂಟೆಯಾಗುತ್ತಲೇ ಮೊದಲ ಸರ್ವಿಸ್ ಮಾಡಿಸಿ ಎಂಜಿನ್ ಎಣ್ಣೆ, ಫಿಲ್ಟರ್, ಗೇರ್ ಎಣ್ಣೆ ಬದಲಿಸಿ, ಆಮೇಲೆ ಪ್ರತಿ 100 ಗಂಟೆಗೊಮ್ಮೆ. ದಡಕ್ಕೆ ಬಂದ ದಿನವೆಲ್ಲ ಸಿಹಿನೀರಿನಿಂದ ಒಳಗೆ ತೊಳೆಯಿರಿ, ಸವೆಯಲೆಂದೇ ಜೋಡಿಸಿರುವ ಆನೋಡ್ ತುಂಡುಗಳು ಅರ್ಧಕ್ಕೆ ಬರುವ ಮೊದಲು ಬದಲಿಸಿ. ಅವುಗಳ ಮೇಲೆ ಬಣ್ಣ ಹಚ್ಚಬೇಡಿ. ಹಚ್ಚಿದರೆ ಅವುಗಳ ಬದಲು ಎಂಜಿನ್ನೇ ಸವೆಯುತ್ತದೆ.